ಸಮುದ್ರ ಬೇಡ, ಡ್ರಾಯರ್ ಅಗೆಯಿರಿ

ಲೋಕದ ಗಮನಕ್ಕೆ ಇದುವರೆಗೆ ಬಾರದ ಒಂದು ಗಂಭೀರ ಸಂಗತಿಯನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಕುರ್ಚಿ ಹತ್ತಿರ ಎಳೆದುಕೊಳ್ಳಿ.

ನನ್ನ ಚಿಕ್ಕಮ್ಮನ ಹಳೇ ಫೋನಿನ ನಡುವಿನ ಬಟನ್ ಕೆಲಸ ಮಾಡುವುದಿಲ್ಲ.

ನಗಬೇಡಿ. ಆ ಬಟನ್ ಸರಿಯಾಗಿದ್ದಿದ್ದರೆ ನಾನಿವತ್ತು ನಿಮ್ಮೆದುರು ಕೂತು ಟೀ ಕುಡಿಯುತ್ತಿರಲಿಲ್ಲ. ಪುಡಿಯಾಗಿ ಯಾವುದೋ ಗೋದಾಮಿನಲ್ಲಿರುತ್ತಿದ್ದೆ. ಪ್ಲಾಸ್ಟಿಕ್ ಒಂದು ಚೀಲ, ತಾಮ್ರ ಒಂದು ಚೀಲ, ನಾನೊಂದು ಚೀಲ.

ಆ ಬೆಳಿಗ್ಗೆ ನನ್ನ ಕೆನ್ನೆ ರಬ್ಬರ್ ಬೆಲ್ಟಿನ ಕಬ್ಬಿಣದ ಅಂಚಿಗೆ ಒತ್ತಿಕೊಂಡಿತ್ತು. ಕುತ್ತಿಗೆಯ ಮೇಲೆ ಒಂದು ಕೈ. ಕೈ ಅನ್ನುವುದು ಮರ್ಯಾದೆಯ ಮಾತು... ಸಿಮೆಂಟ್ ಮೂಟೆ ಅನ್ನಬಹುದು. ಅದರ ಮಾಲೀಕನನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು. ಹೆತ್ತವರು ಬೇರೇನೋ ಹೆಸರಿಟ್ಟಿರುತ್ತಾರೆ. ಅವನನ್ನು ನೋಡಿದ ಮೇಲೆ ಯಾರೂ ಅದನ್ನು ಕೇಳುವುದಿಲ್ಲ.

ಮೂಗಿನ ಮುಂದೆ ಬೆಲ್ಟ್ ಓಡುತ್ತಿತ್ತು. ಒಂದು ಕೀಬೋರ್ಡ್ ಹೋಯಿತು. ಒಂದು ರಿಮೋಟ್. ಹೊಟ್ಟೆ ಬಿಚ್ಚಿದ ರೇಡಿಯೋ. ಎಲ್ಲವೂ ಕಪ್ಪು ರಬ್ಬರ್ ಪರದೆಯ ಕೆಳಗೆ ನುಸುಳಿ ಆಚೆ ಹೋಗುತ್ತಿದ್ದವು. ಆಚೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಕೇಳುತ್ತಿತ್ತು. ಸಾವಿರ ಹಲ್ಲು ಸೇರಿ ಕಬ್ಬಿಣದ ಕಡಲೆ ಅಗಿಯುವ ಸದ್ದು.

"ಉಸಿರಾಡ್ಬೋದಾ?" ಎಂದೆ.

"ಸ್ವಲ್ಪ" ಎಂದ ಗೋಡೆ.

ಎದುರಿನ ಗೋಡೆಯಲ್ಲಿ... ಅದು ನಿಜವಾದ ಗೋಡೆ... ಒಂದು ಗಡಿಯಾರವಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ.

ಆ ಹತ್ತು ನಿಮಿಷ ನಾನು ಹೇಗಾದರೂ ಬದುಕಬೇಕಿತ್ತು.

ಅಲ್ಲಿಗೆ ಹೇಗೆ ಬಂದೆ ಅಂದರೆ, ಚಿಕ್ಕಮ್ಮನಿಂದ. ನನ್ನ ಬದುಕಿನಲ್ಲಿ ಎಲ್ಲವೂ ಅವಳಿಂದಲೇ. ಸಾಕಿದವಳು ಅವಳು. ಬೈದು ಬೆಳೆಸಿದವಳೂ ಅವಳೇ. ಶಾಲೆಯಲ್ಲಿ ಭೂಗೋಳ ಟೀಚರ್ ಆಗಿದ್ದಳು. ನಿವೃತ್ತಿಯಾದ ಮೇಲೆ ಪಾಠ ಮಾಡಲು ಮಕ್ಕಳು ಸಿಗದೆ ಇಡೀ ಬೀದಿಯನ್ನೇ ಕ್ಲಾಸ್ ಮಾಡಿಕೊಂಡಳು.

ಒಂದು ದಿನ ಅವಳ ಗೇಟಿನ ಒಳಗೆ ನೀಲಿ ಪೆಟ್ಟಿಗೆ ಬಂತು. ಮೇಲೆ ತಿಮಿಂಗಿಲದ ಚಿತ್ರ. ಕೆಳಗೆ ಚಿಕ್ಕಮ್ಮನ ಕೈಬರಹ. 'ಸಮುದ್ರ ಬೇಡ, ಡ್ರಾಯರ್ ಅಗೆಯಿರಿ.'

ನಾನು ಅರ್ಥ ಕೇಳಿದ್ದೇ ತಪ್ಪಾಯಿತು. ಅರ್ಧ ದಿನದ ಪಾಠ.

"ಸಮುದ್ರದ ತಳದಲ್ಲಿ ಆಲೂಗಡ್ಡೆ ಥರ ಕಪ್ಪು ಕಲ್ಲು ಬಿದ್ದಿವೆ ಕಣೋ. ಒಳಗೆ ನಿಕ್ಕಲ್, ಕೋಬಾಲ್ಟ್... ಬ್ಯಾಟರಿಗೆ ಬೇಕಾದ್ದೆಲ್ಲ. ಆ ಕಲ್ಲು ಒಂದು ಕೂದಲೆಳೆ ಬೆಳೆಯೋಕೆ ಎಷ್ಟು ಸಾವಿರ ವರ್ಷ ಬೇಕು ಗೊತ್ತಾ? ಅದನ್ನ ಯಂತ್ರ ಇಳಿಸಿ ಕೆರೆದು ತರ್ತಾರಂತೆ. ಅಲ್ಲಿರೋ ಎಷ್ಟೋ ಜೀವಗಳಿಗೆ ಇನ್ನೂ ಹೆಸರೇ ಇಟ್ಟಿಲ್ಲ. ಹೆಸರಿಡೋಕೆ ಮುಂಚೆ ಸಮಾಧಿ."

"ಅದಕ್ಕೂ ನಮ್ಮ ಡ್ರಾಯರಿಗೂ ಏನು ಸಂಬಂಧ?"

"ನಿನ್ನ ಡ್ರಾಯರಲ್ಲಿ ಎಷ್ಟು ಸತ್ತ ಫೋನಿದೆ?"

ಪ್ರತಿ ಮನೆಯಲ್ಲೂ ಅಂಥದ್ದೊಂದು ಡ್ರಾಯರ್ ಇರುತ್ತದೆ. ಚಾರ್ಜರಿಲ್ಲದ ಫೋನು, ಫೋನಿಲ್ಲದ ಚಾರ್ಜರು.

"ಅದೇ ಗಣಿ" ಎಂದಳು. "ಅಗೆಯೋಕೆ ಹಡಗು ಬೇಡ. ಕೈ ಸಾಕು."

ಬೀದಿ ಅವಳ ಮಾತು ಕೇಳಿತು. ಡ್ರಾಯರುಗಳು ತೆರೆದವು. ಪೆಟ್ಟಿಗೆ ತುಂಬಿತು. ಪೆಟ್ಟಿಗೆ ಕೊಟ್ಟಿದ್ದ, ಹಳೇ ಫೋನಿನಿಂದ ಲೋಹ ತೆಗೆಯುವ ಕಂಪನಿಯ ವ್ಯಾನು ಬಂದು ಒಯ್ಯುತ್ತಿತ್ತು. ಬಂದ ಫೋನು ಬಂದ ದಿನವೇ ಪುಡಿ, ಒಳಗಿದ್ದ ಫೋಟೋ ಗೀಟೋ ಎಲ್ಲ ಮಣ್ಣು ಎಂದು ಕಂಪನಿ ಮಾತು ಕೊಟ್ಟಿತ್ತು. ಆ ಮಾತನ್ನು ಚಿಕ್ಕಮ್ಮ ತನ್ನ ಮಾತಾಗಿ ಮನೆಮನೆಗೆ ಹಂಚಿದ್ದಳು.

ಆಮೇಲೆ ಮೆಸೇಜುಗಳು ಶುರುವಾದವು.

ಮೊದಲು ಬಂದದ್ದು ಮೂಲೆಯ ಹೊಲಿಗೆ ಅಂಗಡಿಯವಳಿಗೆ. ಅವಳಿಗೆ ಎದೆಯ ಆಪರೇಷನ್ ಆಗಿತ್ತು. ಗಾಯ ಮಾಯುತ್ತಿದೆಯೋ ಇಲ್ಲವೋ ಎಂದು ಡಾಕ್ಟರಿಗೆ ಕಳಿಸಲು ತಾನೇ ಕನ್ನಡಿ ಮುಂದೆ ನಿಂತು ಫೋಟೋ ತೆಗೆದಿದ್ದಳು. ಗಾಯ ಮಾಯಿತು. ಫೋಟೋ ಮರೆತುಹೋಯಿತು. ಫೋನು ಹಳೆಯದಾಗಿ ಪೆಟ್ಟಿಗೆ ಸೇರಿತು.

ಆ ಫೋಟೋ ಅವಳ ಹೊಸ ಫೋನಿಗೆ ಬಂತು. ಕೆಳಗೆ ಒಂದು ಸಾಲು. 'ಹಳೇ ಫೋನು ಕೊಟ್ಟಿದ್ದಕ್ಕೆ ಧನ್ಯವಾದ. ಸಮುದ್ರ ಉಳಿಯಿತು.'

ನನ್ನ ಕಸುಬಿನಲ್ಲಿ ಕೊಳಕು ಹೊಸದಲ್ಲ. ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕೆಲಸ. ಬೈಕು, ಗಂಡ, ಮಾನ... ಏನಾದರೂ ಸರಿ. ಚರಂಡಿಗೆ ಕೈ ಹಾಕಿದವನಿಗೆ ವಾಸನೆ ಅಭ್ಯಾಸವಾಗಿರುತ್ತದೆ. ಆದರೂ ಆ ಸಾಲು ಓದಿದ ಮೇಲೆ ಕೈ ತೊಳೆದುಕೊಂಡೆ.

ಇನ್ನೂ ಕೆಲವರಿಗೆ ಬಂತು. ಒಬ್ಬರಿಗೆ ಮಗಳ ಆಸ್ಪತ್ರೆ ಚೀಟಿ. ಒಬ್ಬರಿಗೆ ಬಿಟ್ಟುಹೋದ ಹೆಂಡತಿಯ ಜೊತೆಗಿನ ಜಗಳ, ಪೂರ್ತಿ. ವಿಚಿತ್ರ ಏನೆಂದರೆ ಕಳಿಸಿದವರು ಯಾರಿಂದಲೂ ಏನೂ ಕೇಳಲಿಲ್ಲ. ಬೆದರಿಕೆ ಇಲ್ಲ, ಬೇಡಿಕೆ ಇಲ್ಲ. ಬರೀ ಧನ್ಯವಾದ.

ಕಂಪನಿ ಕೈ ತೊಳೆದುಕೊಂಡಿತು. ನಮ್ಮಲ್ಲಿ ಬಂದ ದಿನವೇ ಪುಡಿ, ಪೆಟ್ಟಿಗೆಯ ಬೀಗದ ಕೈ ಟೀಚರ ಹತ್ತಿರ, ಅಲ್ಲೇ ವಿಚಾರಿಸಿ ಎಂದಿತು. ಇನ್‌ಸ್ಪೆಕ್ಟರ್ ಮನೆಗೆ ಬಂದ. ಚಿಕ್ಕಮ್ಮನ ಹಳೇ ವಿದ್ಯಾರ್ಥಿ. ತಲೆ ತಗ್ಗಿಸಿ ನಿಂತ.

"ಟೀಚರ್, ಸೋಮವಾರ ಸ್ಟೇಷನ್ನಿಗೆ ಬರಬೇಕಾಗುತ್ತೆ. ಬರೀ ವಿಚಾರಣೆ."

ಬೀದಿಗೆ ಅಷ್ಟು ಸಾಕಾಯಿತು. ಎದುರು ಮನೆಯವರು ಇವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಹೊಲಿಗೆಯವಳು ಅಂಗಡಿಯೇ ತೆರೆಯಲಿಲ್ಲ. ಚಿಕ್ಕಮ್ಮ ತಟ್ಟೆ ಮುಂದಿಟ್ಟುಕೊಂಡು ಊಟ ಮಾಡದೆ ಏಳುತ್ತಿದ್ದಳು.

"ನನ್ನ ಮಾತು ಕೇಳಿ ಕೊಟ್ರು ಕಣೋ" ಎಂದಳು. "ಇನ್ನು ಈ ಬೀದೀಲಿ ಯಾರಿಗೆ ಏನು ಹೇಳಲಿ?"

ಅವಳ ಹತ್ತಿರ ಬೇರೆ ಆಸ್ತಿ ಇಲ್ಲ. ಇದ್ದದ್ದು ಆ ಮಾತು ಒಂದೇ.

ಕಂಪನಿಗೆ ಹೋದೆ. ಮಾಲೀಕನ ಕೋಣೆಯಲ್ಲಿ ಗೋಡೆ ತುಂಬಾ ತಿಮಿಂಗಿಲದ ಪೇಂಟಿಂಗ್. ಪಕ್ಕದಲ್ಲಿ ಗಾಜಿನ ತೊಟ್ಟಿ. ಅದರೊಳಗೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಯಾರಿಗೂ ಅದರ ಗೊಡವೆ ಇರಲಿಲ್ಲ. ಮಾಲೀಕ ದಪ್ಪಗೆ, ನುಣ್ಣಗೆ, ಯಾವಾಗಲೂ ಒದ್ದೆಯಾದಂತೆ ಹೊಳೆಯುತ್ತಿದ್ದ. ಆ ಕ್ಷಣವೇ ಅವನಿಗೆ ತಿಮಿಂಗಿಲ ಎಂದು ಹೆಸರಿಟ್ಟೆ. ನಿಜವಾದ ತಿಮಿಂಗಿಲಗಳ ಕ್ಷಮೆ ಇರಲಿ.

ಮೇಜಿನ ಮೇಲೆ ಕಾಗದ ಹಾರದಂತೆ ಒಂದು ಕಪ್ಪು ಕಲ್ಲು. ಆಲೂಗಡ್ಡೆ ಗಾತ್ರ.

"ಇದು ಸಮುದ್ರದ ತಳದ್ದಾ?"

"ಕೈಗೆ ತಗೊಳ್ಳಿ" ಎಂದ ಪ್ರೀತಿಯಿಂದ. "ಸ್ಯಾಂಪಲ್. ನನ್ನ ಹಡಗು ತಂದದ್ದು. ಅಗೆಯೋಕೆ ಇನ್ನೂ ಪರ್ಮಿಷನ್ ಸಿಕ್ಕಿಲ್ಲ."

"ಸಮುದ್ರ ಉಳಿಸೋ ಪೆಟ್ಟಿಗೆಯೂ ನಿಮ್ದು, ಸಮುದ್ರ ಅಗೆಯೋ ಹಡಗೂ ನಿಮ್ದು?"

"ಎರಡು ದೋಣಿ ಮೇಲೆ ಕಾಲಿಟ್ರೆ ಮುಳುಗ್ತಾರೆ ಅಂತಾರೆ." ನಕ್ಕ. "ನಾನಿನ್ನೂ ಮುಳುಗಿಲ್ಲ."

ಹೊರಗೆ ಬಂದು ಉಗಿದೆ.

ನನಗೆ ಬೇಕಿದ್ದದ್ದು ಒಂದೇ. ಫೋನುಗಳು ಪುಡಿಯಾಗುವ ಮೊದಲು ಯಾರದೋ ಕೈಗೆ ಹೋಗುತ್ತಿವೆ ಎಂದು ತೋರಿಸುವುದು. ವ್ಯಾನಿನ ಜೊತೆ ಬರುತ್ತಿದ್ದ ತೆಳ್ಳಗಿನ ಟೆಕ್ನಿಷಿಯನ್ ಮೇಲೆ ಕಣ್ಣಿಟ್ಟೆ. ಜೇಬಿನಲ್ಲಿ ಸದಾ ಸಣ್ಣ ಸ್ಕ್ರೂಡ್ರೈವರು. ಜೊತೆಯವರು ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು.

ಟೀ ಅಂಗಡಿಯಲ್ಲಿ ಅವನ ಪಕ್ಕ ಕೂತೆ. ನನ್ನ ಸತ್ತ ಫೋನೊಂದನ್ನು ಮರೆತವನಂತೆ ಬೆಂಚಿನ ಮೇಲೆ ಬಿಟ್ಟು, ದೂರ ನಿಂತು ನೋಡಿದೆ.

ಸ್ಕ್ರೂ ಪೇಪರ್ ಓದುತ್ತಿದ್ದ. ಪೇಪರಿನಿಂದ ಕಣ್ಣೆತ್ತಲಿಲ್ಲ. ಎಡಗೈ ಹೋಗಿ ಫೋನು ಎತ್ತಿಕೊಂಡಿತು. ಬಟನ್ ಒತ್ತಿತು. ಜೀವ ಇಲ್ಲ. ಜೇಬಿನಿಂದ ವೈರು ಎಳೆದು ಅಂಗಡಿಯವನ ಪ್ಲಗ್ಗಿಗೆ ಸಿಕ್ಕಿಸಿತು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ತಾಯಿಯ ಹಾಗೆ. ಕದಿಯಲಿಲ್ಲ, ಪಾಪ. ಹೋಗುವಾಗ ಅಂಗಡಿಯವನಿಗೆ "ಯಾರೋ ಬಿಟ್ಟೋಗಿದಾರೆ, ಜೀವ ಇದೆ" ಎಂದು ಕೊಟ್ಟು ಹೋದ.

ಕಸುಬು ಕೈಗೆ ಹತ್ತಿದರೆ ಕೈ ತಲೆಯನ್ನು ಕೇಳುವುದಿಲ್ಲ. ಸತ್ತ ಫೋನು ಕಂಡರೆ ಚಾರ್ಜಿಗೆ ಹಾಕದೆ ಇರಲು ಆ ಕೈಗೆ ಸಾಧ್ಯವೇ ಇಲ್ಲ.

ಆಗ ನೆನಪಾದದ್ದು ಚಿಕ್ಕಮ್ಮನ ಹಳೇ ಫೋನು. ಬಟನ್ ಫೋನು, ಇಟ್ಟಿಗೆಯಷ್ಟು ಗಟ್ಟಿ. ನಾನು ಮಧ್ಯಾಹ್ನದವರೆಗೆ ಮಲಗುತ್ತೇನೆಂದು ಅದರಲ್ಲಿ ತನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿ ದಿನಾ ಹನ್ನೊಂದಕ್ಕೆ ಅಲಾರಂ ಇಟ್ಟಿದ್ದಳು. ಸ್ವಿಚ್ ಆಫ್ ಮಾಡಿದರೂ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಅದನ್ನು ಗೋಡೆಗೆ ಎಸೆದೆ. ಅಲಾರಂ ಸಾಯಲಿಲ್ಲ. ಅಲಾರಂ ನಿಲ್ಲಿಸುವ ನಡುವಿನ ಬಟನ್ ಸತ್ತಿತು. ಆಮೇಲೆ ಬ್ಯಾಟರಿ ಖಾಲಿ ಮಾಡಿ ಡ್ರಾಯರಿಗೆ ಹಾಕಿದ್ದೆವು. ಒಳಗಿನ ಗಡಿಯಾರ ಮಾತ್ರ, ಅದರದೇ ಪುಟ್ಟ ಸೆಲ್ಲಿನಿಂದ, ತನ್ನ ಪಾಡಿಗೆ ನಡೆಯುತ್ತಿತ್ತು.

"ಎಲ್ಲರ ಮುಂದೆ ನಿನ್ನನ್ನ ಕೋಣ ಅನ್ನುತ್ತೆ ಕಣೋ ಅದು" ಎಂದಳು ಚಿಕ್ಕಮ್ಮ. "ಅವಮಾನ ಅಲ್ವಾ?"

"ಹೊಸದಾಗಿ ಏನಿಲ್ಲ ಬಿಡು."

ಬಹಳ ದಿನದ ಮೇಲೆ ನಕ್ಕಳು.

ಅಷ್ಟರಲ್ಲಿ ಕಂಪನಿಯೇ ದಾರಿ ಮಾಡಿಕೊಟ್ಟಿತು. ನಮ್ಮ ಫ್ಯಾಕ್ಟರಿ ನೀವೇ ಬಂದು ನೋಡಿ ಎಂದು ಶನಿವಾರ ಇಡೀ ಬೀದಿಯನ್ನು ಕರೆಯಿತು. ಶುಕ್ರವಾರ ವ್ಯಾನು ಬಂದಾಗ, ಇನ್‌ಸ್ಪೆಕ್ಟರ್ ಕಳಿಸಿದ ಕಾನ್‌ಸ್ಟೇಬಲ್ಲಿನ ಕಣ್ಣ ಮುಂದೆ, ಚಿಕ್ಕಮ್ಮ ತನ್ನ ಸತ್ತ ಫೋನನ್ನು ಪೆಟ್ಟಿಗೆಗೆ ಹಾಕಿದಳು.

ಎಲ್ಲ ಯೋಚಿಸಿದ್ದೆ. ಒಂದು ಬಿಟ್ಟು.

ಸದ್ದು.

ಶನಿವಾರ ಫ್ಯಾಕ್ಟರಿಯೊಳಗೆ ಕಾಲಿಟ್ಟ ಕೂಡಲೇ ಅದು ಗೊತ್ತಾಯಿತು. ಪುಡಿ ಮಾಡುವ ಯಂತ್ರ ಅರಚುತ್ತಿತ್ತು. ಬಂದವರಿಗೆಲ್ಲ ಹಳದಿ ಹೆಲ್ಮೆಟ್, ಕಿವಿಗೆ ಮುಚ್ಚಳ. ಇನ್‌ಸ್ಪೆಕ್ಟರ್ ಕಿವಿಗೂ ಮುಚ್ಚಳ. ಈ ಗದ್ದಲದಲ್ಲಿ ಚಿಕ್ಕಮ್ಮ ಖುದ್ದಾಗಿ ಕೂಗಿದರೂ ಕೇಳುವುದಿಲ್ಲ. ಅವಳ ಫೋನು ಯಾವ ಲೆಕ್ಕ?

ಫೋನು ಎಲ್ಲಿದೆ ಎಂದು ನಾನೇ ಕಂಡುಹಿಡಿಯಬೇಕಾಯಿತು. ಗುಂಪಿನಿಂದ ಜಾರಿದೆ. ರಬ್ಬರ್ ಪರದೆಯ ಹಿಂದಿನ ಕೋಣೆಗೆ ನುಗ್ಗಿದೆ. ಪಕ್ಕದಲ್ಲೊಂದು ಬಾಗಿಲು. ತಳ್ಳಿದೆ.

ಗೋಡೆ ತುಂಬಾ ಫೋನು. ಸಾಲು ಸಾಲು ಶೆಲ್ಫು, ಪ್ರತಿಯೊಂದಕ್ಕೂ ವೈರು, ಪ್ರತಿಯೊಂದಕ್ಕೂ ಪುಟ್ಟ ಹಸಿರು ದೀಪ. ನಡುವೆ ಸ್ಕ್ರೂ. ಮೇಜಿನ ಮೇಲೆ ಟೀ ಲೋಟ. ಲೋಟದ ಕೆಳಗೆ, ಕಲೆಯಾಗದಿರಲೆಂದು, ಹೂವಿನ ಬಟ್ಟೆಯ ಒಂದು ಪುಟ್ಟ ಚೀಲ. ಹೊಲಿಗೆಯವಳು ತನ್ನ ಫೋನಿಗೆಂದು ತಾನೇ ಹೊಲಿದುಕೊಂಡದ್ದು. ಅವಳ ಗಾಯ ನೋಡಿದವನು ಅವಳ ಹೊಲಿಗೆಯ ಮೇಲೆ ಟೀ ಇಟ್ಟುಕೊಂಡಿದ್ದ.

ಚೀಲದ ಕಡೆ ಕೈ ಚಾಚಿದೆ.

ಸ್ಕ್ರೂ ಕಿರುಚಿದ. ಓಡಿದೆ. ಡ್ರಮ್ಮೊಂದನ್ನು ಉರುಳಿಸಿದೆ... ನೆಲದ ತುಂಬಾ ಚಾರ್ಜರ್ ಚೆಲ್ಲಿತು... ತಿರುಗಿದರೆ ಎದುರಿಗೆ ಗೋಡೆ.

ಈಗ ಗೊತ್ತಾಯಿತಲ್ಲ, ನನ್ನ ಕೆನ್ನೆ ಯಾಕೆ ಬೆಲ್ಟಿನ ಅಂಚಿನಲ್ಲಿತ್ತು ಎಂದು.

ತಿಮಿಂಗಿಲ ಬಂದ. ಕೊರಳಲ್ಲಿ ಮೈಕು, ಮುಖದಲ್ಲಿ ಅತಿಥಿಗಳಿಗೆಂದು ಹಚ್ಚಿಕೊಂಡ ನಗು. ನನ್ನನ್ನು ನೋಡಿ ನಗುವನ್ನು ತೆಗೆದಿಟ್ಟ.

"ಏನು ಹುಡುಕ್ತಾ ಇದ್ರಿ?"

"ಯಾಕೆ ಅಂತ ಹುಡುಕ್ತಾ ಇದ್ದೆ" ಎಂದೆ. "ಮೆಸೇಜ್ ಕಳಿಸ್ತೀರಿ, ಏನೂ ಕೇಳಲ್ಲ. ತಲೆ ಕೆಟ್ಟೋಗಿತ್ತು. ಈಗ ಗೊತ್ತಾಯ್ತು."

"ಹೇಳಿ ನೋಡೋಣ."

"ನಿಮಗೆ ಜನರಿಂದ ಏನೂ ಬೇಡ. ಅವರ ಫೋನೂ ಬೇಡ. ಹೆದರಿ ಡ್ರಾಯರ್ ಮುಚ್ಕೊಂಡ್ರೆ ಸಾಕು. ಪೆಟ್ಟಿಗೆ ಖಾಲಿ ಇದ್ರೆ, ನೋಡಿ ಸ್ವಾಮಿ, ಜನ ಹಳೇದು ಕೊಡ್ತಿಲ್ಲ, ಲೋಹಕ್ಕೆ ಸಮುದ್ರವೇ ಗತಿ ಅನ್ಬೋದು. ಹಡಗಿಗೆ ಪರ್ಮಿಷನ್."

ಅವನು ನನ್ನ ಬೆನ್ನು ತಟ್ಟಿದ. ಮಾರ್ಕ್ಸ್ ಕೊಡುವ ಮೇಷ್ಟ್ರಂತೆ.

"ಜಾಣ. ನಾನು ಒಂದೇ ಒಂದು ಸುಳ್ಳು ಹೇಳಿಲ್ಲ ನೋಡಿ. ಅವರ ಫೋಟೋ ಅವರಿಗೇ ಕಳಿಸಿದೀನಿ. ಬೇರೆಯವರಿಗೆ ಕಳಿಸಿದ್ನಾ?"

"ಆ ಹೆಂಗಸು ಮನೆಯಿಂದ ಆಚೆ ಬರ್ತಿಲ್ಲ."

"ಇವತ್ತು ಬಂದಿದಾರಲ್ಲ. ಹೊರಗೆ ನಿಂತಿದಾರೆ." ಗಡಿಯಾರ ನೋಡಿದ. "ಜನ ಕಾಯ್ತಿದಾರೆ. ಗೋಡೆ, ಎಲ್ಲರೂ ಹೋಗಲಿ. ಆಮೇಲೆ ಇವರನ್ನ... ನೋಡೋಣ."

ನಗುವನ್ನು ಮತ್ತೆ ಹಚ್ಚಿಕೊಂಡು ಹೋದ.

ಹನ್ನೊಂದಕ್ಕೆ ಎರಡು ನಿಮಿಷ.

ಫೋನು ಕೂಗುತ್ತದೆ. ಯಂತ್ರ ನಿಲ್ಲದಿದ್ದರೆ ಯಾರಿಗೂ ಕೇಳುವುದಿಲ್ಲ. ಸ್ಕ್ರೂ ಬ್ಯಾಟರಿ ಕಿತ್ತು ಎಸೆಯುತ್ತಾನೆ. ಸೋಮವಾರ ಚಿಕ್ಕಮ್ಮ ಸ್ಟೇಷನ್ನಿಗೆ ಹೋಗುತ್ತಾಳೆ. ಲೆಕ್ಕ ಅಷ್ಟೇ.

ಬೆಲ್ಟಿನ ಮೇಲೆ ಒಂದು ದಪ್ಪ ಪ್ರಿಂಟರ್ ಬಂತು, ವೈರನ್ನು ಬಾಲದಂತೆ ಎಳೆದುಕೊಂಡು. ಕೈ ಚಾಚಿ ವೈರು ಹಿಡಿದೆ. ಗೋಡೆಯ ಮಣಿಕಟ್ಟಿಗೆ ಒಂದು ಸುತ್ತು ಹಾಕಿದೆ. ಪ್ರಿಂಟರ್ ತನ್ನ ದಾರಿ ಹಿಡಿದು ಹೊರಟಿತು. ಗೋಡೆ ತನ್ನ ಕೈ ಯಾಕೆ ಹೋಗುತ್ತಿದೆ ಎಂದು ನೋಡಿದ. ಅವನಿಗೆ ಅರ್ಥವಾಗಲು ಬೇಕಾದ ಹೊತ್ತು ನನಗೆ ಸಾಕಾಯಿತು.

ಬೆಲ್ಟಿನ ಮೇಲೆ ಉರುಳಿದೆ.

ಗೋಡೆ ವೈರು ಬಿಡಿಸಿಕೊಂಡ, ಹಿಂದೆ ಬರಲಿಲ್ಲ. ಗೋಡೆಗಳು ನೆಗೆಯುವುದಿಲ್ಲ.

ರಬ್ಬರ್ ಪರದೆ ಮುಖಕ್ಕೆ ಬಡಿಯಿತು. ಆಚೆ ಬೆಳಕು. ಕಟಕಟೆಯ ಹಿಂದೆ ಹಳದಿ ಹೆಲ್ಮೆಟ್ಟಿನ ನಮ್ಮ ಬೀದಿ, ಬಾಯಿ ತೆರೆದುಕೊಂಡು. ನನ್ನ ತಲೆಯ ಮುಂದೆ ಪ್ರಿಂಟರ್. ಪ್ರಿಂಟರಿನ ಮುಂದೆ ಹಲ್ಲು. ಪ್ರಿಂಟರ್ ಹಲ್ಲಿಗೆ ಸಿಕ್ಕಿತು. ಬಿಳಿ ಚೂರು ಮುಖಕ್ಕೆ ಸಿಡಿಯಿತು. ಏಳಲು ಹೋದೆ. ಷರ್ಟು ಬೆಲ್ಟಿನ ಕೊಂಡಿಗೆ ಸಿಕ್ಕಿಕೊಂಡಿತ್ತು...

ಎಲ್ಲ ನಿಂತಿತು.

ತಲೆ ಎತ್ತಿದೆ. ಬೆಲ್ಟಿನ ಉದ್ದಕ್ಕೂ ಒಂದು ಕೆಂಪು ಹಗ್ಗ ಹಾದುಹೋಗಿತ್ತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಮುಟ್ಟಬೇಡಿ' ಎಂಬ ಬೋರ್ಡು. ಕೆಳಗೆ ಸಣ್ಣಕ್ಷರದಲ್ಲಿ 'ಅಪಾಯವಾದರೆ ಎಳೆಯಿರಿ.' ಸೋಪಿನ ಕವರನ್ನೂ ಬಿಡದೆ ಓದುವ ಒಬ್ಬಳೇ ಹೆಂಗಸು ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎದ್ದೇಳು" ಎಂದಳು ಚಿಕ್ಕಮ್ಮ. "ಷರ್ಟು ಹರ್ಕೊಂಡ್ಯಾ?"

ಜನ ಕಿವಿಯ ಮುಚ್ಚಳ ತೆಗೆದರು. ತಿಮಿಂಗಿಲ ಮೈಕು ಹಿಡಿದ. "ಗಾಬರಿ ಬೇಡ, ಗಾಬರಿ ಬೇಡ. ಇವರಿಗೆ ಮೊದಲಿಂದ ತಲೆ ಸರಿ ಇಲ್ಲ. ಯಂತ್ರ ಈಗ ಶುರುವಾಗುತ್ತೆ."

"ಒಂದ್ನಿಮಿಷ" ಎಂದ ಇನ್‌ಸ್ಪೆಕ್ಟರ್. "ನಿನ್ನೆ ಬಂದ ಫೋನುಗಳು?"

"ನಿನ್ನೆಯೇ ಪುಡಿ."

"ಎಲ್ಲಾ?"

"ಒಂದೂ ಉಳಿದಿಲ್ಲ ಸಾರ್."

ಈ ಕಡೆಯ ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು. ಏನೂ ಇಲ್ಲ. ಹನ್ನೊಂದು ದಾಟಿತು. ಏನೂ ಇಲ್ಲ. ಸ್ಕ್ರೂ ಮೊದಲ ಸಲ ಬುದ್ಧಿ ಉಪಯೋಗಿಸಿ ಬಟನ್ ಫೋನನ್ನು ಬಿಟ್ಟುಬಿಟ್ಟನೇ? ಯಾರೋ ಯಂತ್ರದ ಸ್ವಿಚ್ಚಿನ ಕಡೆ ನಡೆದರು. ಚಿಕ್ಕಮ್ಮ ಹಗ್ಗ ಬಿಡಲಿಲ್ಲ. ಅವಳ ಕಣ್ಣು ನನ್ನ ಮೇಲಿತ್ತು...

"ಏಳೋ ಕೋಣ!"

ಪರದೆಯ ಹಿಂದಿನಿಂದ. ಸ್ಪಷ್ಟವಾಗಿ. ಇಡೀ ಶೆಡ್ಡಿಗೆ ಕೇಳುವ ಹಾಗೆ.

"ಏಳೋ ಕೋಣ! ಬಿಸಿಲು ನೆತ್ತಿಗೆ ಬಂತು! ಏಳೋ!"

ಫೋನಿನ ಗಡಿಯಾರ ಒಂದೆರಡು ನಿಮಿಷ ಹಿಂದೆ ಇತ್ತು, ಅಷ್ಟೇ. ಒಳಗೆ ಏನೋ ಬಿತ್ತು. ಸ್ಕ್ರೂ ನಡುವಿನ ಬಟನ್ ಒತ್ತುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ಒತ್ತಲಿ. ಧ್ವನಿ ಒಂದು ಕ್ಷಣ ಮಂಕಾಯಿತು. ಅದರ ಮೇಲೆ ಕೂತಿರಬೇಕು. ಕೂತವನ ಅಡಿಯಿಂದಲೂ ಚಿಕ್ಕಮ್ಮ ಬಿಡಲಿಲ್ಲ. "ಏಳೋ... ಏಳೋ..."

ಇನ್‌ಸ್ಪೆಕ್ಟರ್ ತಾನೇ ಎದ್ದು ನಿಂತವನಂತೆ ಸೆಟೆದುಕೊಂಡ. ಆ ಧ್ವನಿಗೆ ಅವನೂ ಶಾಲೆಯಲ್ಲಿ ಎದ್ದು ನಿಂತವನೇ.

"ಟೀಚರ್... ಇದು ನೀವಲ್ವಾ?"

"ನಾನೇ. ನಿನ್ನೆ ನಿಮ್ಮ ಕಾನ್‌ಸ್ಟೇಬಲ್ ಮುಂದೆ ಹಾಕಿದ ಫೋನು. ಹಾಕಿದಾಗ ಸತ್ತಿತ್ತು." ನನ್ನ ಕಡೆ ಬೆರಳು ಮಾಡಿದಳು. "ಕೋಣ ಇವನು."

ಇನ್‌ಸ್ಪೆಕ್ಟರ್ ಪರದೆ ಸರಿಸಿ ಒಳಗೆ ಹೋದ. ಹಿಂದೆ ಬೀದಿ. ಎಲ್ಲರಿಗಿಂತ ಮುಂದೆ ಹೊಲಿಗೆಯವಳು. ಅವಳು ಹಸಿರು ದೀಪಗಳನ್ನು ನೋಡಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ಟೀ ಲೋಟವನ್ನು ಎತ್ತಿ ಪಕ್ಕಕ್ಕಿಟ್ಟಳು. ಹೂವಿನ ಚೀಲ ಕೈಗೆ ತೆಗೆದುಕೊಂಡು ದುಂಡನೆಯ ಕಲೆಯನ್ನು ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ.

"ಟೀಚರ್" ಎಂದಳು. "ನಿಮ್ಮನ್ನ ಏನೇನೋ ಅಂದ್ಬಿಟ್ಟೆ."

"ಅಂದಿದ್ದು ಸರಿ" ಎಂದಳು ಚಿಕ್ಕಮ್ಮ. "ನೋಡದೆ ಮಾತು ಕೊಟ್ಟೆ. ಆ ತಪ್ಪು ನನ್ನದೇ."

ಆಮೇಲಿನದು ನಿಮಗೆ ಗೊತ್ತಿರುವ ಥರದ್ದೇ. ತಿಮಿಂಗಿಲ ಒಳಗೆ ಹೋದ, ಬೇಲಿನ ಮೇಲೆ ಹೊರಗೆ ಬಂದ. ಕೆಲವು ಕೆಟ್ಟ ನೌಕರರಿಂದ ಕಂಪನಿಗೆ ನೋವಾಗಿದೆ ಎಂದು ಟೀವಿಯಲ್ಲಿ ಕರ್ಚೀಫು ಹಿಡಿದ. ಆ ಕೆಟ್ಟ ನೌಕರ ಸ್ಕ್ರೂ ಇನ್ನೂ ಒಳಗಿದ್ದಾನೆ. ಅಲ್ಲಿ ಕಾವಲಿನವರ ಫೋನು ಚಾರ್ಜಿಗೆ ಹಾಕಿಕೊಡುತ್ತಾನಂತೆ. ಹಡಗಿನ ಪರ್ಮಿಷನ್ ಫೈಲನ್ನು ಪಕ್ಕಕ್ಕಿಟ್ಟಿದ್ದಾರೆ. ಹರಿದುಹಾಕಿಲ್ಲ. ಪಕ್ಕಕ್ಕಿಟ್ಟಿದ್ದಾರೆ. ಆ ಎರಡರ ನಡುವಿನ ವ್ಯತ್ಯಾಸ ನೆನಪಾದಾಗೆಲ್ಲ ಬಾಯಿ ಕಹಿಯಾಗುತ್ತದೆ.

ಸೋಮವಾರ ಚಿಕ್ಕಮ್ಮ ಸ್ಟೇಷನ್ನಿಗೆ ಹೋಗಲಿಲ್ಲ. ಅವಳ ಫೋನು ಹೋಯಿತು, ಸಾಕ್ಷಿಯಾಗಿ. ಚಾರ್ಜು ಮುಗಿಯುವವರೆಗೆ ದಿನಾ ಹನ್ನೊಂದಕ್ಕೆ ಇಡೀ ಸ್ಟೇಷನ್ನನ್ನು ಎಬ್ಬಿಸುತ್ತಿತ್ತಂತೆ.

ನೀಲಿ ಪೆಟ್ಟಿಗೆಯನ್ನು ಅವಳು ಎಸೆಯಲಿಲ್ಲ. ತಿಮಿಂಗಿಲದ ಚಿತ್ರ ಕೆರೆದು, ಫೋನು ಒಯ್ಯುವ ಬೇರೆ ಫ್ಯಾಕ್ಟರಿ ಹುಡುಕಿದಳು. ಈ ಸಲ ತಾನೇ ಹೋಗಿ, ಒಳಗೆ ಕೂತು, ಕಣ್ಣಾರೆ ನೋಡಿ ಬಂದಳು. ಪೆಟ್ಟಿಗೆಯ ಪಕ್ಕ ಒಂದು ಸ್ಟೂಲು, ಸುತ್ತಿಗೆ, ಮೊಳೆ. ಬ್ಯಾಟರಿ ಬಿಚ್ಚಿ ತುದಿಗೆ ಟೇಪು ಸುತ್ತುವುದು ನನ್ನ ಕೆಲಸ. ಆಮೇಲೆ ಒಳಗಿನ ಮೆಮೊರಿ ಚಿಪ್ಪಿಗೆ ಫೋನಿನವರೇ ಮೊಳೆ ಹೊಡೆಯಬೇಕು. ಯಾರ ಮಾತನ್ನೂ ನಂಬಬೇಕಾಗಿಲ್ಲ.

ಯಾರೂ ಬರಲಿಲ್ಲ. ವಾರಗಟ್ಟಲೆ ಇಬ್ಬರೂ ಸ್ಟೂಲಿನ ಎರಡು ಪಕ್ಕ ಕೂತೆವು. ಬೀದಿಯವರು ನಮಸ್ಕಾರ ಮಾಡಿ ಹೋದರು. ಡ್ರಾಯರುಗಳು ಮುಚ್ಚಿಯೇ ಇದ್ದವು. ಬೇಲಿನ ಮೇಲೆ ತಿರುಗುವವನು ಬಯಸಿದ್ದೂ ಅದನ್ನೇ.

ನಿನ್ನೆ ಹೊಲಿಗೆಯವಳು ಬಂದಳು. ಕೈಯಲ್ಲಿ ಆ ಮೆಸೇಜ್ ಬಂದಿದ್ದ ಫೋನು. ಪೊಲೀಸರು ನೋಡಿ ವಾಪಸ್ ಕೊಟ್ಟದ್ದು.

"ಮೊಳೆ ಎಲ್ಲಿ, ಟೀಚರ್?"

ಚಿಕ್ಕಮ್ಮ ಕೊಟ್ಟಳು. ಹೊಲಿಗೆಯವಳು ಗುರಿ ಇಟ್ಟು ಹೊಡೆದಳು. ಬೇಕಾದ್ದಕ್ಕಿಂತ ಜಾಸ್ತಿ ಸಲ ಹೊಡೆದಳು. ನಾವು ತಡೆಯಲಿಲ್ಲ.

ಪೆಟ್ಟಿಗೆಯಲ್ಲಿ ಈಗ ಒಂದು ಫೋನಿದೆ.